ಬಿಸಿಲು ಬಿದ್ದ ಬಂದರು, ನೀರಲ್ಲಿ ದೋಣಿ: ಆಯಿಲ್ ಪೇಂಟಿಂಗ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ದೋಣಿ ಚೆನ್ನಾಗಿ ಬಂದಿರುತ್ತದೆ. ನೀರೂ ಪರವಾಗಿಲ್ಲ. ಆದರೆ ಚಿತ್ರದಲ್ಲಿ ಬಿಸಿಲೇ ಇರುವುದಿಲ್ಲ. ಬಂದರಿನ ಚಿತ್ರಕ್ಕೆ ಕೈಹಾಕಿದ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಬಿಸಿಲು ಸಾಲದು ಅನ್ನಿಸಿ ಬಿಳಿ ಬಣ್ಣ ಸೇರಿಸುತ್ತಾರೆ, ಚಿತ್ರ ಮಂಕಾಗುತ್ತದೆ. ಇನ್ನಷ್ಟು ಬಿಳಿ ಸೇರಿಸುತ್ತಾರೆ, ಇನ್ನಷ್ಟು ಮಂಕು.

ಬಿಸಿಲು ಕಾಣುವುದು ನೆರಳು ಸರಿಯಿದ್ದಾಗ ಮಾತ್ರ. ಹಾಗಾಗಿ ಮೊದಲು ನೆರಳು, ಆಮೇಲೆ ಬೆಳಕು, ಕಟ್ಟಕಡೆಗೆ ಮಿಂಚು (ಅಲ್ಲಲ್ಲಿ ಹೊಳೆಯುವ ಚುಕ್ಕೆಗಳು). ಕೆಳಗಿನ ಹಂತಗಳನ್ನೆಲ್ಲ ಈ ಕ್ರಮದಲ್ಲೇ ಜೋಡಿಸಿದ್ದೇನೆ. ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ.

ಬೇಕಾಗುವ ಸಾಮಾನು

ಮೊದಲ ಕೆಲವು ಚಿತ್ರಗಳಿಗೆ 12x16 ಇಂಚಿನ ಕ್ಯಾನ್ವಾಸ್ ಸಾಕು. ಇದಕ್ಕಿಂತ ದೊಡ್ಡದಾದರೆ ಬೆಳಕು ಬದಲಾಗುವುದರೊಳಗೆ ಮುಗಿಸಲು ಆಗುವುದಿಲ್ಲ.

ಬಣ್ಣಗಳು: ಟೈಟಾನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೋ ಲೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್, ಪರ್ಮನೆಂಟ್ ಅಲಿಝರಿನ್, ಅಲ್ಟ್ರಾಮರೀನ್ ಬ್ಲೂ, ಸೆರುಲಿಯನ್ ಬ್ಲೂ, ವಿರಿಡಿಯನ್, ಬರ್ನ್ಟ್ ಸಿಯೆನ್ನಾ. ಅಲಿಝರಿನ್ ಕೊಳ್ಳುವಾಗ ‘ಪರ್ಮನೆಂಟ್’ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ, ಹಳೆಯ ಬಗೆಯದು ಬೆಳಕಿಗೆ ಮಾಸುತ್ತದೆ. ಕಪ್ಪು ಟ್ಯೂಬ್ ಬೇಕಿಲ್ಲ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗೆ ಹತ್ತಿರದ ಗಾಢ ಬಣ್ಣ ಸಿಗುತ್ತದೆ. ನೀಲಿ ಜಾಸ್ತಿಯಾದರೆ ಅದು ತಣ್ಣಗೆ, ಸಿಯೆನ್ನಾ ಜಾಸ್ತಿಯಾದರೆ ಬೆಚ್ಚಗೆ. ಟ್ಯೂಬಿನ ಕಪ್ಪಿನಲ್ಲಿ ಈ ಅನುಕೂಲ ಇಲ್ಲ.

ಬ್ರಷ್: ಗಟ್ಟಿ ಕೂದಲಿನ ಫ್ಲಾಟ್ ಬ್ರಷ್ ಮೂರು (ದೊಡ್ಡದು, ಮಧ್ಯಮ, ಚಿಕ್ಕದು), ಹಗ್ಗ ಎಳೆಯಲು ಉದ್ದ ಕೂದಲಿನ ತೆಳ್ಳನೆಯ ರಿಗ್ಗರ್ ಒಂದು. ಜೊತೆಗೆ ಪ್ಯಾಲೆಟ್ ನೈಫ್, ಹಳೆ ಹತ್ತಿ ಬಟ್ಟೆ, ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ ಅಥವಾ ಟರ್ಪೆಂಟೈನ್, ಸ್ವಲ್ಪ ಲಿನ್ಸೀಡ್ ಎಣ್ಣೆ, ಸ್ಕೆಚ್ ಪುಸ್ತಕ, ಮೆತ್ತನೆಯ ಪೆನ್ಸಿಲ್.

ಹೊರಗೆ ಕೂತು ಬರೆಯುವವರಿಗೆ ಛತ್ರಿ ಬೇಕೇ ಬೇಕು. ಅದು ಬಿಳಿ, ಬೂದು ಅಥವಾ ಕಪ್ಪು ಬಣ್ಣದ್ದಿರಲಿ. ಕೆಂಪು ಛತ್ರಿಯ ಕೆಳಗೆ ಕೂತರೆ ಕ್ಯಾನ್ವಾಸೂ ಕೆಂಪಾಗಿ ಕಾಣುತ್ತದೆ, ನೀವು ಬೆರೆಸುವ ಬಣ್ಣವೆಲ್ಲ ತಪ್ಪುತ್ತದೆ.

ಹಂತ 1: ಜಾಗ ಮತ್ತು ಹೊತ್ತು ಆರಿಸಿ

ಬೆಳಿಗ್ಗೆ ಅಥವಾ ಸಂಜೆಗೆ ಮುಂಚೆ, ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇರುವಂತೆ ಕೂತುಕೊಳ್ಳಿ. ಆಗ ಪ್ರತಿ ದೋಣಿಗೂ ಒಂದು ಬಿಸಿಲು ಬದಿ, ಒಂದು ನೆರಳು ಬದಿ ಸಿಗುತ್ತದೆ. ನಡುಮಧ್ಯಾಹ್ನ ನೆರಳುಗಳೆಲ್ಲ ದೋಣಿಯ ಅಡಿಗೇ ಸೇರಿಕೊಳ್ಳುತ್ತವೆ. ಸೂರ್ಯ ಎದುರಿಗಿದ್ದರೆ ನೀರು ಬೆಳ್ಳಿಯ ಹಾಗೆ ಹೊಳೆಯುತ್ತದೆ, ನೋಡಲು ಆಸೆಯಾಗುತ್ತದೆ, ಆದರೆ ದೋಣಿಗಳೆಲ್ಲ ಕರಿ ಆಕಾರಗಳಾಗುತ್ತವೆ. ಅದನ್ನು ಕೈ ಪಳಗಿದ ಮೇಲೆ ಮಾಡಿ.

ಕ್ಯಾನ್ವಾಸ್ ನೆರಳಿನಲ್ಲಿರಲಿ, ಪ್ಯಾಲೆಟ್ಟೂ ಅದೇ ನೆರಳಿನಲ್ಲಿರಲಿ. ಬಿಸಿಲು ನೇರವಾಗಿ ಬಿದ್ದ ಕ್ಯಾನ್ವಾಸಿನ ಮೇಲೆ ಎಲ್ಲ ಬಣ್ಣವೂ ಬೆಳ್ಳಗೆ ಕಾಣುತ್ತದೆ. ಅದನ್ನು ನಂಬಿ ನೀವು ಗಾಢವಾಗಿ ಬರೆಯುತ್ತೀರಿ. ಒಳಗೆ ತಂದು ನೋಡಿದರೆ ಚಿತ್ರವೆಲ್ಲ ಕತ್ತಲು.

ಬಂದರಿನಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಉಬ್ಬರ ಮತ್ತು ಇಳಿತದ ನಡುವೆ ಸಾಮಾನ್ಯವಾಗಿ ಆರು ಗಂಟೆ ಚಿಲ್ಲರೆ, ಅಷ್ಟರಲ್ಲಿ ದೋಣಿಗಳು ಧಕ್ಕೆಯ (ದೋಣಿ ಕಟ್ಟುವ ಕಟ್ಟೆಯ) ಮಟ್ಟದಿಂದ ಎಷ್ಟೋ ಕೆಳಗೆ ಇಳಿದಿರುತ್ತವೆ. ಒಂದೇ ಲಂಗರಿಗೆ ನಿಂತ ದೋಣಿ ಗಾಳಿ ತಿರುಗಿದಂತೆ ತಾನೂ ತಿರುಗುತ್ತದೆ. ಆದ್ದರಿಂದ ಎರಡೂ ತುದಿ ಕಟ್ಟಿ ಧಕ್ಕೆಗೆ ಒತ್ತಿ ನಿಲ್ಲಿಸಿದ ದೋಣಿಯನ್ನು ಆರಿಸಿ. ಕೂತ ಕೂಡಲೇ ಕ್ಯಾನ್ವಾಸಿನ ಅಂಚಿನಲ್ಲಿ ಬಿಸಿಲು ಬರುವ ದಿಕ್ಕಿಗೆ ಒಂದು ಬಾಣ ಹಾಕಿ. ಎರಡು ಗಂಟೆ ಬಿಟ್ಟು ನೆರಳು ಬೇರೆ ಕಡೆಗೆ ಹೋದಾಗಲೂ ಆ ಬಾಣವನ್ನೇ ನಂಬಿ.

ಫೋಟೋ ನೋಡಿ ಬರೆಯುವವರಿಗೆ ಒಂದು ಎಚ್ಚರಿಕೆ. ಬಿಸಿಲಿನ ಫೋಟೋದಲ್ಲಿ ನೆರಳು ಹೆಚ್ಚಾಗಿ ಬರೀ ಕಪ್ಪಾಗಿರುತ್ತದೆ, ಬಿಳಿ ಭಾಗ ಸುಟ್ಟುಹೋಗಿರುತ್ತದೆ. ಫೋಟೋದಿಂದ ಆಕಾರ ತೆಗೆದುಕೊಳ್ಳಿ, ನೆರಳಿನ ಬಣ್ಣವನ್ನು ಮಾತ್ರ ತೆಗೆದುಕೊಳ್ಳಬೇಡಿ.

ಹಂತ 2: ಮೂರೇ ಟೋನಿನ ಚಿಕ್ಕ ಸ್ಕೆಚ್

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಮೂರು ನಾಲ್ಕು ಇಂಚಿನ ಚೌಕ ಹಾಕಿಕೊಳ್ಳಿ. ಕಣ್ಣು ಅರೆಮುಚ್ಚಿ ನೋಡಿ. ಹಗ್ಗ, ಬಲೆ, ಹೆಸರಿನ ಫಲಕ ಎಲ್ಲ ಮಾಯವಾಗಿ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಅವನ್ನು ಗಾಢ, ನಡು, ತಿಳಿ ಎಂದು ಮೂರೇ ಟೋನಿನಲ್ಲಿ ಪೆನ್ಸಿಲಿನಿಂದ ತುಂಬಿ.

ದೋಣಿಯ ನೆರಳು ಬದಿ, ಅದರ ಕೆಳಗಿನ ಪ್ರತಿಬಿಂಬ, ಪಕ್ಕದ ಧಕ್ಕೆಯ ನೆರಳು, ಇವು ಮೂರೂ ಕಣ್ಣು ಅರೆಮುಚ್ಚಿದಾಗ ಒಂದಾಗಿ ಕಾಣುತ್ತವೆ ಅಲ್ವಾ? ಹಾಗಾದರೆ ಒಂದೇ ಆಕಾರವಾಗಿ ಬರೆಯಿರಿ. ‘ಇದು ದೋಣಿ, ಇದು ನೀರು’ ಎಂದು ಗೆರೆ ಕೊಯ್ದು ಬೇರೆ ಮಾಡಬೇಡಿ. ಕೊನೆಗೆ ಚಿತ್ರವನ್ನು ಹಿಡಿದು ನಿಲ್ಲಿಸುವುದು ಈ ಬೆಸೆದ ನೆರಳೇ.

ನೆರಳೂ ಬೆಳಕೂ ಸಮಪಾಲು ಆಗದಿರಲಿ. ಒಂದು ಗೆಲ್ಲಬೇಕು. ಅರ್ಧ ಕಪ್ಪು, ಅರ್ಧ ಬಿಳಿ ಆಗಿದ್ದರೆ ಚೌಕವನ್ನು ಸ್ವಲ್ಪ ಸರಿಸಿ ಇನ್ನೊಂದು ಸ್ಕೆಚ್ ಮಾಡಿ. ಸ್ಕೆಚ್ಚಿನಲ್ಲಿ ಕಾಣದ ಬಿಸಿಲು ಕ್ಯಾನ್ವಾಸಿನಲ್ಲೂ ಕಾಣುವುದಿಲ್ಲ.

ಹಂತ 3: ತಳಬಣ್ಣ

ಬರ್ನ್ಟ್ ಸಿಯೆನ್ನಾಕ್ಕೆ ಚೂರು ಓಕರ್ ಸೇರಿಸಿ, ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಕ್ಯಾನ್ವಾಸಿಗೆಲ್ಲ ಬಳಿದು ಬಟ್ಟೆಯಿಂದ ಒರೆಸಿ. ಹಿಂದಿನ ದಿನವೇ ಮಾಡಿಟ್ಟರೆ ಒಳ್ಳೆಯದು. ಬರೀ ಬಿಳಿ ಕ್ಯಾನ್ವಾಸಿನ ಮೇಲೆ ಯಾವ ಬಣ್ಣ ಇಟ್ಟರೂ ಗಾಢವಾಗಿ ಕಾಣುತ್ತದೆ, ಹೆದರಿ ನೆರಳನ್ನು ತಿಳಿ ಮಾಡಿಬಿಡುತ್ತೀರಿ. ತಳಬಣ್ಣಕ್ಕೆ ಅಕ್ರಿಲಿಕ್ ಬಳಸಿದರೂ ನಡೆಯುತ್ತದೆ. ಆದರೆ ಆಯಿಲ್ ಮೇಲೆ ಅಕ್ರಿಲಿಕ್ ಯಾವತ್ತೂ ಬೇಡ, ಅದು ಹಿಡಿದು ನಿಲ್ಲುವುದಿಲ್ಲ.

ಹಂತ 4: ಡ್ರಾಯಿಂಗ್, ಅದರಲ್ಲೂ ದೋಣಿ

ಮೊದಲ ಗೆರೆ ದಿಗಂತದ್ದು. ದಿಗಂತ ಎಂದರೆ ನಿಮ್ಮ ಕಣ್ಣಿನ ಮಟ್ಟ. ಕಟ್ಟಡ ಅಡ್ಡ ಬಂದು ಸಮುದ್ರ ಕಾಣದಿದ್ದರೂ ಆ ಗೆರೆ ಅಲ್ಲೇ ಇದೆ. ಕಣ್ಣಿನ ನೇರಕ್ಕೆ ಬ್ರಷ್ಷನ್ನು ಅಡ್ಡ ಹಿಡಿದು ಎಲ್ಲಿ ಹಾದುಹೋಗುತ್ತದೆ ನೋಡಿ, ಅಷ್ಟೇ.

ದಿಗಂತ ಸಿಕ್ಕಿತೆಂದರೆ ದೋಣಿಗಳ ಅಳತೆಯೂ ಸಿಕ್ಕಿದ ಹಾಗೆ. ನೀವು ನಿಂತ ಧಕ್ಕೆ ನೀರಿನಿಂದ 2 ಮೀಟರ್ ಎತ್ತರ, ನಿಮ್ಮ ಕಣ್ಣು ಅದರ ಮೇಲೆ 1.6 ಮೀಟರ್ ಅಂದುಕೊಳ್ಳಿ. ಆಗ ದಿಗಂತದ ಗೆರೆ ಪ್ರತಿ ದೋಣಿಯನ್ನೂ ನೀರಿನಿಂದ 3.6 ಮೀಟರ್ ಎತ್ತರದಲ್ಲೇ ಕತ್ತರಿಸುತ್ತದೆ, ಹತ್ತಿರದ್ದಾಗಲಿ ದೂರದ್ದಾಗಲಿ. ಹತ್ತಿರದ ದೋಣಿಯ ಪಟದ ಕಂಬವನ್ನು ಆ ಗೆರೆ ಸರಿಯಾಗಿ ನಡುವಿನಲ್ಲಿ ಕತ್ತರಿಸಿದರೆ, ಅಷ್ಟೇ ದೊಡ್ಡ ದೂರದ ದೋಣಿಯ ಕಂಬವನ್ನೂ ನಡುವಿನಲ್ಲೇ ಕತ್ತರಿಸಬೇಕು. ದೂರದ ದೋಣಿ ಆಟಿಕೆಯಂತೆ ಅಥವಾ ಹಡಗಿನಂತೆ ಕಂಡರೆ ತಪ್ಪಿರುವುದು ಇಲ್ಲೇ.

ದೋಣಿ ಬರೆಯಲು ಅಡ್ಡಲಾಗಿ ಮಲಗಿಸಿದ ಒಂದು 8 ಎಳೆಯಿರಿ. ಹತ್ತಿರದ ಸುತ್ತು ದೊಡ್ಡದು, ದೂರದ್ದು ಚಿಕ್ಕದು, ಎರಡೂ ಉದ್ದವಾಗಿ ಚಪ್ಪಟೆಯಾಗಿರಲಿ. ಆ 8ರ ಗೆರೆಗಳೇ ದೋಣಿಯ ಎರಡು ಬದಿಯ ಮೇಲಂಚುಗಳು. ಒಂದು ತುದಿಯನ್ನು ಮೂತಿಯಾಗಿ ಚೂಪು ಮಾಡಿ, ಇನ್ನೊಂದನ್ನು ಹಿಂಬದಿಯ ಹಲಗೆಗೆ ಸರಿಯಾಗಿ ಕತ್ತರಿಸಿ. ಮೂತಿಯಿಂದ ಮತ್ತು ಹಲಗೆಯ ಮೂಲೆಗಳಿಂದ ಕೆಳಗೆ ಗೆರೆ ಇಳಿಸಿ ನೀರಿನ ಮಟ್ಟಕ್ಕೆ ಸೇರಿಸಿ. 8 ಯಾಕೆಂದರೆ, ಅಂಚಿನ ಬಾಗು ನಡುವಿನಲ್ಲಿ ತಗ್ಗಿ ಮೂತಿಯ ಕಡೆ ಏರುತ್ತದೆ, ಆಚೆ ಅಂಚಿನ ಬಾಗು ಈಚೆಯದಕ್ಕಿಂತ ಬೇರೆ ಥರ ಕಾಣುತ್ತದೆ. ಎರಡೂ ಅಂಚಿಗೆ ಒಂದೇ ಬಾಗು ಹಾಕಿದರೆ ದೋಣಿ ಬಾಳೆಹಣ್ಣಾಗುತ್ತದೆ.

ಆಮೇಲೆ ನೀರಿಗೆ ತಾಗುವ ಗೆರೆ. ಕಾಣುವ ಬದಿಯನ್ನಷ್ಟೇ ಬರೆದರೆ ಅದು ಓರೆಯಾಗುವುದು ಖಂಡಿತ. ದೋಣಿ ಗಾಜಿನದ್ದೇನೋ ಎಂಬಂತೆ ಕಾಣದ ಆಚೆ ಬದಿಯನ್ನೂ ತೆಳುವಾಗಿ ಗೀಚಿ, ನೀರಿನ ಮೇಲೆ ಚಪ್ಪಟೆಯಾಗಿ ಮಲಗಿದ ಎಲೆಯ ಆಕಾರ ಪೂರ್ತಿಯಾಗಲಿ. ಆ ಎಲೆ ಒಂದು ಕಡೆ ಎದ್ದಂತೆ ಕಂಡರೆ ದೋಣಿ ಮುಳುಗುತ್ತಿದೆ ಅಥವಾ ಗಾಳಿಯಲ್ಲಿ ತೇಲುತ್ತಿದೆ ಎಂದರ್ಥ. ಈಗ ತಿದ್ದಿದರೆ ಒಂದು ಬಟ್ಟೆಯಲ್ಲಿ ಮುಗಿಯುತ್ತದೆ. ಬಣ್ಣ ಹಚ್ಚಿದ ಮೇಲೆ ತಿದ್ದುವುದು ಬಹಳ ಕಷ್ಟ.

ಈ ಡ್ರಾಯಿಂಗನ್ನು ಪೆನ್ಸಿಲಿನಲ್ಲಿ ಬೇಡ, ತೆಳು ಬಣ್ಣ ಅದ್ದಿದ ಬ್ರಷ್ಷಿನಲ್ಲೇ ಮಾಡಿ. ಹಗ್ಗ, ಕಿಟಕಿ, ಟೈರು ಯಾವುದೂ ಈಗ ಬೇಡ.

ಹಂತ 5: ನೆರಳು ಮೊದಲು

ದೊಡ್ಡ ಬ್ರಷ್ ತೆಗೆದುಕೊಳ್ಳಿ. ಬಣ್ಣಕ್ಕೆ ಟರ್ಪೆಂಟೈನ್ ಸೇರಿಸಿ ತೆಳುವಾಗಿಸಿ, ಎಣ್ಣೆ ಬೇಡ. ಆಯಿಲ್ ಪೇಂಟಿಂಗಿನಲ್ಲಿ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ. ಇದು ತಿರುಗುಮುರುಗಾದರೆ ಮೇಲಿನ ಪದರ ಬೇಗ ಒಣಗಿ, ಕೆಳಗಿನದು ಆಮೇಲೆ ಒಣಗುವಾಗ ಬಿರುಕು ಬಿಡುತ್ತದೆ.

ಅತಿ ಗಾಢ ಜಾಗಗಳಿಂದ ಶುರು ಮಾಡಿ: ಧಕ್ಕೆಯ ಅಡಿ, ದೋಣಿಗಳ ನಡುವಿನ ಸಂದು. ಆಮೇಲೆ ದೋಣಿಗಳ ನೆರಳು ಬದಿ, ಅಲ್ಲಿಂದ ಬ್ರಷ್ ಎತ್ತದೆ ಅವುಗಳ ಪ್ರತಿಬಿಂಬ.

ಬಿಳಿ ದೋಣಿಯ ನೆರಳು ಬದಿಯಲ್ಲೇ ಹೆಚ್ಚಿನವರು ಸೋಲುತ್ತಾರೆ. ‘ಬಿಳಿ ದೋಣಿ ತಾನೇ’ ಎಂದು ಬಿಳಿಗೆ ಚೂರು ನೀಲಿ ಸೇರಿಸಿ ಹಚ್ಚುತ್ತಾರೆ. ಕಪ್ಪನ್ನು 1, ಬಿಳಿಯನ್ನು 10 ಎಂದು ಲೆಕ್ಕ ಹಿಡಿದರೆ, ಬಿಸಿಲಲ್ಲಿರುವ ಬಿಳಿ 9ರಲ್ಲಿ ಕೂತರೆ ನೆರಳಲ್ಲಿರುವ ಬಿಳಿಯನ್ನು ನಾನು 5 ಅಥವಾ 6ರಲ್ಲಿ ಇಡುತ್ತೇನೆ. ಬಿಸಿಲು ಬಿದ್ದ ಬೂದು ಧಕ್ಕೆ ಅದಕ್ಕಿಂತ ಬೆಳ್ಳಗಿರುತ್ತದೆ! ನಂಬಿಕೆ ಬರದಿದ್ದರೆ ನೆರಳಿಗೆ ಬೆರೆಸಿದ ಬಣ್ಣವನ್ನು ನೈಫಿನ ತುದಿಗೆ ತೆಗೆದುಕೊಂಡು ದೋಣಿಯ ನೇರಕ್ಕೆ ಹಿಡಿದು ನೋಡಿ.

ಆ ನೆರಳು ಬದಿಯನ್ನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಮೇಲಂಚಿನ ಕೆಳಗೆ ನೇರಳೆ ಕಲೆತ ನೀಲಿ, ಅಲ್ಲೇ ಅತಿ ಗಾಢ. ನಡುವಿನಲ್ಲಿ ತಣ್ಣನೆಯ ಬೂದು, ಆಕಾಶದ ನೀಲಿ ಅಲ್ಲಿ ಬಿದ್ದಿರುತ್ತದೆ. ನೀರಿಗೆ ಹತ್ತಿರ ಬಂದಂತೆ ಬೆಚ್ಚಗಾಗುತ್ತದೆ. ಬಿಸಿಲು ನೀರಿಗೆ ಬಿದ್ದು ಅಲ್ಲಿಂದ ಪುಟಿದು ದೋಣಿಯ ಹೊಟ್ಟೆಯ ಮೇಲೆ ಬಳುಕುವ ಬೆಳಕಿನ ಬಲೆ ನೇಯುತ್ತಿರುತ್ತದೆ. ಅದಕ್ಕೆ ಓಕರ್, ಚೂರು ವಿರಿಡಿಯನ್, ಬಿಳಿ ಸಾಕು. ಆದರೆ ಪುಟಿದು ಬಂದ ಬೆಳಕು ಬಿಸಿಲು ಬದಿಯಷ್ಟು ಬೆಳ್ಳಗಾಗಬಾರದು. 7 ದಾಟಿದರೆ ನೆರಳು ಒಡೆದುಹೋಗುತ್ತದೆ.

ಎಲ್ಲ ನೆರಳೂ ಮುಗಿಯುವವರೆಗೆ ಒಂದು ಚುಕ್ಕೆ ಬೆಳಕನ್ನೂ ಇಡಬೇಡಿ. ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಕಂದು ತಳಬಣ್ಣವೇ ಬಿಸಿಲಿನ ಹಾಗೆ ಕಾಣತೊಡಗಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಕಾಣದಿದ್ದರೆ ನೆರಳು ಇನ್ನೂ ತಿಳಿಯಾಗಿದೆ.

ಹಂತ 6: ಬೆಳಕಿನ ಭಾಗಗಳು

ಆಕಾಶ, ದೂರದ ದಡ, ಧಕ್ಕೆ, ದೋಣಿಗಳ ಬಿಸಿಲು ಬದಿ: ಈ ಸರದಿಯಲ್ಲಿ. ಆಕಾಶಕ್ಕೆ ಬಿಳಿಯನ್ನು ಸುರಿಯಬೇಡಿ. ಬಿಸಿಲಲ್ಲಿರುವ ಬಿಳಿ ದೋಣಿ ನೀಲಿ ಆಕಾಶಕ್ಕಿಂತ ಬೆಳ್ಳಗಿರಬೇಕು. ಆಕಾಶದಲ್ಲೇ ಬಿಳಿ ಖರ್ಚಾದರೆ ದೋಣಿಗೆ ಏರಲು ಮೆಟ್ಟಿಲೇ ಇರುವುದಿಲ್ಲ. ಸೆರುಲಿಯನ್‌ಗೆ ಬಿಳಿ, ದಿಗಂತದ ಹತ್ತಿರ ಒಂದು ಚೂರು ಓಕರ್, ಮೇಲೆ ಹೋದಂತೆ ಸ್ವಲ್ಪ ಅಲ್ಟ್ರಾಮರೀನ್.

ಬಿಸಿಲು ಬದಿಗೆ ಬಣ್ಣ ದಪ್ಪಗಿರಲಿ, ಒಂದೇ ಸಲ ಇಟ್ಟು ಕೈ ತೆಗೆಯಿರಿ. ಬೆಳಗಿನ ಬಿಸಿಲಿಗೆ ಬಿಳಿಯ ಜೊತೆ ಕ್ಯಾಡ್ಮಿಯಂ ಯೆಲ್ಲೋ ಚಿಟಿಕೆಯಷ್ಟು, ಸಂಜೆಗೆ ಅದರ ಜೊತೆ ಕೆಂಪಿನ ಸೋಂಕು. ಟ್ಯೂಬಿನ ಬರೀ ಬಿಳಿಯನ್ನು ಇನ್ನೂ ಮುಟ್ಟಬೇಡಿ.

ಹೊಳಪು ಬರೀ ಬಿಳಿಯಿಂದ ಬರುವುದಲ್ಲ ಎಂಬುದಕ್ಕೆ ಫ್ರೆಂಚ್ ಚಿತ್ರಕಾರ ಮೋನೆ ಫ್ರಾನ್ಸಿನ ಲ ಆವ್ರ್ ಬಂದರನ್ನು ನೋಡಿ ಬರೆದ 1872ರ ‘ಇಂಪ್ರೆಶನ್, ಸನ್‌ರೈಸ್’ ಚಿತ್ರವನ್ನು ನೋಡಿ. ಅದನ್ನು ಕಪ್ಪು-ಬಿಳುಪು ಮಾಡಿದರೆ ಕಿತ್ತಳೆ ಸೂರ್ಯ ಸುತ್ತಲಿನ ಬೂದಿನಲ್ಲಿ ಹೆಚ್ಚುಕಡಿಮೆ ಕಳೆದೇ ಹೋಗುತ್ತಾನೆ. ಎರಡರ ಟೋನ್ ಅಷ್ಟು ಹತ್ತಿರ. ಕಣ್ಣಿಗೆ ಹೊಡೆಯುವುದು ತಣ್ಣನೆಯ ಬೂದಿನ ಪಕ್ಕದ ಬೆಚ್ಚನೆಯ ಕಿತ್ತಳೆ. ನಿಮ್ಮ ಬಿಸಿಲು ಸಪ್ಪೆ ಅನ್ನಿಸಿದಾಗ ಬಿಳಿ ಸೇರಿಸುವ ಮೊದಲು ಪಕ್ಕದ ನೆರಳನ್ನು ಇನ್ನೊಂದಿಷ್ಟು ತಣ್ಣಗೆ ಮಾಡಿ ನೋಡಿ.

ನೆರಳಿನ ಬ್ರಷ್ ಬೇರೆ, ಬೆಳಕಿನ ಬ್ರಷ್ ಬೇರೆ ಇರಲಿ. ಒಂದೇ ಬ್ರಷ್ಷಿನಲ್ಲಿ ಎರಡನ್ನೂ ಮಾಡಿದರೆ ಅರ್ಧ ಗಂಟೆಯಲ್ಲಿ ಎಲ್ಲವೂ ಕೆಸರು.

ಹಂತ 7: ನೀರು ಮತ್ತು ಪ್ರತಿಬಿಂಬ

ನೀರಿಗೆ ತನ್ನದೇ ನೀಲಿ ಬಣ್ಣ ಬಳಿಯಬೇಡಿ. ದೂರದ ನೀರು ಹೆಚ್ಚಾಗಿ ಆಕಾಶವನ್ನೇ ತೋರಿಸುತ್ತದೆ. ನಿಮ್ಮ ಕಾಲಬುಡದ ನೀರನ್ನು ಮೇಲಿಂದ ನೋಡುವುದರಿಂದ ಒಳಗಿನ ಹಸಿರೋ ಕಂದೋ ಕಾಣುತ್ತದೆ. ಹಾಗಾಗಿ ಕೆಳಗೆ ಬಂದಂತೆ ನೀರು ಗಾಢವಾಗಿ, ಹಸಿರಾಗಿ ಇಳಿಯಬೇಕು. ಮೇಲಿಂದ ಕೆಳಗೆ ಒಂದೇ ಬಣ್ಣ ಇದ್ದರೆ ನೀರು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಪ್ರತಿಬಿಂಬಕ್ಕೆ ಕೆಲವು ಕಟ್ಟುನಿಟ್ಟಿನ ನಿಯಮಗಳಿವೆ:

1. ಪ್ರತಿಬಿಂಬ ವಸ್ತುವಿನ ನೇರ ಕೆಳಗೇ ಬೀಳುತ್ತದೆ. ಓರೆಯಾಗಿ ಹೋಗುವುದು ನೆರಳು. ಬಿಸಿಲು ಎಡದಿಂದ ಬಂದರೆ ನೆರಳು ಬಲಕ್ಕೆ ಹೋಗುತ್ತದೆ, ಪ್ರತಿಬಿಂಬ ಮಾತ್ರ ಯಾವಾಗಲೂ ನಿಮ್ಮ ಕಡೆಗೇ.
2. ಎಡಕ್ಕೆ ವಾಲಿದ ಕಂಬದ ಪ್ರತಿಬಿಂಬವೂ ಎಡಕ್ಕೇ ವಾಲುತ್ತದೆ. ನಿಮ್ಮ ಕಡೆಗೆ ವಾಲಿದ್ದರೆ ಪ್ರತಿಬಿಂಬ ಉದ್ದ, ಆಚೆಗೆ ವಾಲಿದ್ದರೆ ಗಿಡ್ಡ.
3. ನೀರು ದೋಣಿಯನ್ನು ಕೆಳಗಿನಿಂದ ನೋಡುತ್ತದೆ. ನಿಮಗೆ ದೋಣಿಯ ಒಳಗಿನ ಹಲಗೆ ಕಾಣುತ್ತಿರಬಹುದು, ಪ್ರತಿಬಿಂಬದಲ್ಲಿ ಕಾಣುವುದು ಮೂತಿಯ ಅಡಿಭಾಗ. ದೋಣಿಯನ್ನು ತಲೆಕೆಳಗಾಗಿ ನಕಲು ಮಾಡಿದರೆ ತಪ್ಪು.
4. ಧಕ್ಕೆಯಿಂದ ಹಿಂದೆ ಇರುವ ಕಟ್ಟಡದ ಮೇಲ್ಭಾಗ ಮಾತ್ರ ನೀರಲ್ಲಿ ಕಾಣುತ್ತದೆ, ಬುಡವನ್ನು ಧಕ್ಕೆ ಮರೆಮಾಡುತ್ತದೆ.
5. ತಿಳಿ ವಸ್ತುವಿನ ಪ್ರತಿಬಿಂಬ ಒಂದು ಮೆಟ್ಟಿಲು ಗಾಢ, ಗಾಢ ವಸ್ತುವಿನದು ಒಂದು ಮೆಟ್ಟಿಲು ತಿಳಿ.

ಕೈಕೆಲಸದ ಕ್ರಮ ಹೀಗೆ. ಮೊದಲು ಪ್ರತಿಬಿಂಬದ ಬಣ್ಣಗಳನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಅವು ಹಸಿಯಿರುವಾಗಲೇ ಅಗಲದ ಬ್ರಷ್ಷಿನಿಂದ ಆಕಾಶದ ಬಣ್ಣವನ್ನು ಅಲ್ಲಲ್ಲಿ ಅಡ್ಡ ಎಳೆಯಿರಿ. ಅಡ್ಡ ಗೆರೆಗಳು ದಿಗಂತಕ್ಕೆ ಸಮನಾಗಿರಲಿ, ದೂರದಲ್ಲಿ ಸಣ್ಣಗೆ ಒತ್ತೊತ್ತಾಗಿ, ಹತ್ತಿರದಲ್ಲಿ ಅಗಲವಾಗಿ ಬಿಡಿಬಿಡಿಯಾಗಿ. ಎಲ್ಲ ಕಡೆ ಒಂದೇ ಅಳತೆಯ ಅಲೆ ಹಾಕುತ್ತಾ ಹೋಗುವುದು ಬಹಳ ಸಾಮಾನ್ಯವಾದ ತಪ್ಪು. ನೀರು ಅಲುಗುತ್ತಿದ್ದರೆ ಪ್ರತಿಬಿಂಬ ಉದ್ದವಾಗಿ ಹರಿದು ತುಂಡಾಗುತ್ತದೆ, ಬಣ್ಣ ಅಕ್ಕಪಕ್ಕಕ್ಕೆ ಹೆಚ್ಚು ಹರಡುವುದಿಲ್ಲ.

ದೋಣಿ ನೀರಿಗೆ ತಾಗುವಲ್ಲಿ ಚೂಪು ಗೆರೆ ಬೇಡ. ಒಂದೆರಡು ಕಡೆ ಬೆರಳಿನಿಂದಲೇ ತೀಡಿ ಬೆಸೆಯಿರಿ (ಕೈಗವಸು ಹಾಕಿಕೊಂಡು, ಕ್ಯಾಡ್ಮಿಯಂ ಬಣ್ಣ ಚರ್ಮಕ್ಕೂ ಬಾಯಿಗೂ ತಾಗಬಾರದು). ಅಷ್ಟು ಮಾಡಿದರೆ ದೋಣಿ ನೀರಿನೊಳಗೆ ಕೂರುತ್ತದೆ.

ಹಂತ 8: ಕಂಬ, ಹಗ್ಗ, ಜನ, ಮಿಂಚು

ಇಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಕಂಬವನ್ನು ಬುಡದಿಂದ ತುದಿಯವರೆಗೆ ಒಂದೇ ಗಾಢತೆಯಲ್ಲಿ ಎಳೆಯಬೇಡಿ. ಗಾಢ ಹಿನ್ನೆಲೆಯಲ್ಲಿ ಅದು ತಿಳಿಯಾಗಿ, ಆಕಾಶದ ಮೇಲೆ ಗಾಢವಾಗಿ ಕಾಣುತ್ತದೆ, ನಡುವೆ ಎಲ್ಲೋ ಮಾಯವಾಗುತ್ತದೆ. ಹಗ್ಗವೂ ಹಾಗೆಯೇ. ಬಣ್ಣಕ್ಕೆ ಸ್ವಲ್ಪ ಎಣ್ಣೆ ಬೆರೆಸಿ ರಿಗ್ಗರ್ ಬ್ರಷ್ಷಿನಲ್ಲಿ, ಭುಜದಿಂದ ಕೈ ಬೀಸಿ ಒಂದೇ ಎಳೆತಕ್ಕೆ ಎಳೆಯಿರಿ. ಸಡಿಲ ಹಗ್ಗ ನಡುವೆ ಜೋತುಬೀಳಲಿ. ನಿಜಕ್ಕೂ ಹತ್ತು ಹಗ್ಗ ಇದ್ದರೆ ಮೂರು ಸಾಕು.

ನಿಮ್ಮದೇ ಧಕ್ಕೆಯ ಮೇಲೆ ಜನ ನಿಂತಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ ದಿಗಂತದ ಗೆರೆಯ ಮೇಲೇ ಬರುತ್ತವೆ, ಎಷ್ಟೇ ದೂರದಲ್ಲಿರಲಿ. ನೀವು ನಿಂತು ಬರೆಯುತ್ತಿದ್ದರೆ ಮಾತ್ರ ಈ ಲೆಕ್ಕ.

ಕೊನೆಗೆ ಮಿಂಚು. ಈಗ ದಪ್ಪ ಬಿಳಿಗೆ ಹಳದಿಯ ಸೋಂಕು ಕೊಟ್ಟು, ಮೂತಿಯ ಅಂಚು, ಒದ್ದೆ ಹಲಗೆ, ಗಾಜಿನ ಮೂಲೆ, ಹೀಗೆ ಬೆರಳೆಣಿಕೆಯ ಕಡೆ ಇಡಿ. ನೀರಿನ ಮೇಲೆ ಬೆಳ್ಳಿ ದಾರಿಯಂತೆ ಹೊಳಪು ಹಾಕುವ ಆಸೆಯಾದರೆ ಮೊದಲು ನಿಮ್ಮ ಬಾಣ ನೋಡಿ. ಆ ದಾರಿ ಸೂರ್ಯನ ಕೆಳಗಿನಿಂದ ನೇರ ನಿಮ್ಮ ಕಡೆಗೆ ಬರುವಂಥದ್ದು. ಸೂರ್ಯ ಪಕ್ಕದಲ್ಲಿದ್ದರೆ ಅದು ಇರುವುದಿಲ್ಲ.

ಎಲ್ಲಿ ಎಡವಿದೆ ಎಂದು ಪತ್ತೆ ಮಾಡುವುದು

ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ವಾಲಿದ ದೋಣಿ ತಕ್ಷಣ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ಹಂತ 2ರ ಸ್ಕೆಚ್ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದಬೇಕು.

ಬಿಸಿಲು ಭಾಗ ಪೇಲವವಾಗಿದ್ದರೆ ಬಿಳಿ ಜಾಸ್ತಿ, ಬೆಚ್ಚನೆಯ ಬಣ್ಣ ಕಡಿಮೆ ಆಗಿದೆ. ನೆರಳು ಕೊಳೆಯಾಗಿದ್ದರೆ ಮೂರಕ್ಕಿಂತ ಹೆಚ್ಚು ಬಣ್ಣ ಬೆರೆಸಿದ್ದೀರಿ ಅಥವಾ ಹಸಿ ಬಣ್ಣವನ್ನು ಪದೇಪದೇ ತೀಡಿದ್ದೀರಿ. ನೈಫಿನಿಂದ ಕೆರೆದು ತೆಗೆದು ಹೊಸದಾಗಿ ಹಚ್ಚಿ, ಮೇಲೆ ಮೇಲೆ ಹಚ್ಚಿ ಸರಿಮಾಡಲು ಆಗುವುದಿಲ್ಲ. ದೋಣಿ ಕತ್ತರಿಸಿ ಅಂಟಿಸಿದಂತಿದ್ದರೆ ಸುತ್ತಲಿನ ಅಂಚು ಎಲ್ಲ ಕಡೆಯೂ ಚೂಪಾಗಿದೆ, ನೆರಳು ಬದಿಯ ಅಂಚನ್ನು ಮೆತ್ತಗೆ ಮಾಡಿ.

ಹಂತ 9: ಮುಗಿದ ಮೇಲೆ

ಲಿನ್ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಲೇಬಾರದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಹಾಕಿಡಿ. ಬಳಸಿದ ಸ್ಪಿರಿಟನ್ನು ಸಿಂಕಿಗೆ ಅಥವಾ ನೀರಿಗೆ ಚೆಲ್ಲಬೇಡಿ. ಜಾಡಿಯಲ್ಲಿ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಒಣಗಿದ ಬಣ್ಣವನ್ನು ಮರಳು ಕಾಗದದಿಂದ ತಿಕ್ಕಬೇಡಿ, ಕ್ಯಾಡ್ಮಿಯಂ ಧೂಳು ಶ್ವಾಸಕೋಶಕ್ಕೆ ವಿಷ.

ತೆಳು ಭಾಗಗಳು ಕೆಲವು ದಿನಗಳಲ್ಲಿ ಮುಟ್ಟುವಷ್ಟು ಒಣಗುತ್ತವೆ, ದಪ್ಪ ಬಿಳಿ ಭಾಗಗಳು ವಾರಗಟ್ಟಲೆ ತೆಗೆದುಕೊಳ್ಳುತ್ತವೆ. ಚಿತ್ರವನ್ನು ಗಾಳಿ, ಬೆಳಕು ಇರುವ ಕಡೆ ಇಡಿ, ಕತ್ತಲ ಕಪಾಟಿನಲ್ಲಿಟ್ಟರೆ ಎಣ್ಣೆ ಹಳದಿಗಟ್ಟುತ್ತದೆ. ಸಾಮಾನ್ಯ ವಾರ್ನಿಶ್‌ಗೆ 6 ತಿಂಗಳಿಂದ ಒಂದು ವರ್ಷ ಕಾಯಬೇಕು. ಹಚ್ಚುವ ಮುಂಚೆ ಮಿನರಲ್ ಸ್ಪಿರಿಟ್ ತುಸು ತಾಗಿಸಿದ ಹತ್ತಿಯಿಂದ ಅತಿ ದಪ್ಪ ಜಾಗವೊಂದನ್ನು ಮೆಲ್ಲಗೆ ಒರೆಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಇನ್ನೆರಡು ತಿಂಗಳು ಬಿಟ್ಟು ಮತ್ತೆ ಒರೆಸಿ ನೋಡಿ.